ಪಬ್ಲಿಕ್ ಎನಿಮಿ ಲಾಂಛನ

ಅಮೆರಿಕದ ರ‍್ಯಾಪ್ ತಂಡ ಪಬ್ಲಿಕ್ ಎನಿಮಿಯ ಗುರುತು. ಜನಾಂಗೀಯ ಅನ್ಯಾಯದ ವಿರುದ್ಧ ರ‍್ಯಾಪ್ ಲೋಕದ ಒಳಗಿನಿಂದಲೇ ಹುಟ್ಟಿದ ಚಿತ್ರಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲಬೇಕು. ಬರೆದವರು ತಂಡದ ಮುಖ್ಯ ರ‍್ಯಾಪರ್ ಚಕ್ ಡಿ (ಜನನ 1960). ನ್ಯೂಯಾರ್ಕ್ ರಾಜ್ಯದ ಅಡೆಲ್ಫಿ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ವಿನ್ಯಾಸ ಕಲಿತವರು.

ಬಂದೂಕಿನ ಗುರಿವೃತ್ತ, ಅಡ್ಡಲಾಗಿ ಉದ್ದಲಾಗಿ ಹಾಯ್ದ ಗೆರೆಗಳು, ಅವುಗಳ ನಡುವೆ ಟೋಪಿ ತೊಟ್ಟು ನಿಂತ ಒಬ್ಬನ ಕಪ್ಪು ನೆರಳು: ಚಿತ್ರದಲ್ಲಿರುವುದು ಇಷ್ಟೇ. ಮುಖವಿಲ್ಲ, ಬಣ್ಣವೂ ಬೇಕಾಗಿಲ್ಲ. ಪತ್ರಿಕೆಯೊಂದರ ಫೋಟೊದಿಂದ ಕತ್ತರಿಸಿ ತೆಗೆದ ಆ ಆಕೃತಿ, ರ‍್ಯಾಪರ್ ಎಲ್‌ಎಲ್ ಕೂಲ್ ಜೆ ಅವರ ಸಂಗಡಿಗ ಈ-ಲವ್ ಅವರದು. ಟೋಪಿಯನ್ನು ಕಂಡು ಅನೇಕರು ಅವನನ್ನು ಪೊಲೀಸನೆಂದೇ ಭಾವಿಸಿದರು. ಅದು ಪೂರಾ ತಪ್ಪು. ಅವನು ಗುರಿಯಿಟ್ಟವನಲ್ಲ, ಗುರಿಯಾದವನು. ಅಮೆರಿಕದಲ್ಲಿ ಕರಿಯ ಗಂಡಸಿನ ಪಾಡು ಇದೇ ಎಂಬುದು ಚಕ್ ಡಿ ಅವರ ವಿವರಣೆ. ಗುರಿಯಾದವನು ಓಡುತ್ತಿಲ್ಲ, ಬಗ್ಗಿಲ್ಲ, ನೆಟ್ಟಗೆ ನಿಂತಿದ್ದಾನೆ. ಚಿತ್ರದ ಕಸುವೆಲ್ಲ ಆ ನಿಲುವಿನಲ್ಲಿದೆ.

ತಂಡದ ಮೊದಲ ಆಲ್ಬಂ 1987ರಲ್ಲಿ ಹೊರಬಂತು. ಅಲ್ಲಿಂದ ಈ ಗುರುತು ಅಂಗಿ, ಜಾಕೆಟ್, ಗೋಡೆಗಳಿಗೆ ಹಬ್ಬಿತು. ಚಕ್ ಡಿ ಮುಂದೆ ಮತ್ತೆ ಚಿತ್ರ ಬರೆಯತೊಡಗಿದರು. ಅವರ ಚಿತ್ರಗಳ ಸಂಗ್ರಹ ‘ಲಿವಿನ್ ಲೌಡ್’ 2023ರಲ್ಲಿ ಪ್ರಕಟವಾಯಿತು.