ಸಮೂಹಗಾನ ಪರಂಪರೆಯೂ ನಮ್ಮ ಯುವ ಗಾನವೃಂದಗಳೂ

ಕಾಗಿಣಾ ನದಿಯ ದಂಡೆಯ ಮಳಖೇಡದ ಕೋಟೆಯನ್ನು ಕಂಡವರಿಗೆ ಕಾಲಮಹಿಮೆಯನ್ನು ಕುರಿತು ಬೇರೆ ಪಾಠ ಬೇಕಾಗದು. ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಈ ಊರನ್ನು 972ರಲ್ಲಿ ಪರಮಾರರ ಸೀಯಕನು ಸೂರೆಮಾಡಿದನು. ಅರಮನೆ ಹೋಯಿತು, ಸಿಂಹಾಸನವೂ ಹೋಯಿತು. ಆದರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕ್ರಿ.ಶ. 850ರ ಸುಮಾರಿಗೆ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ ಉಳಿದುಬಂದಿತು. ಚತ್ತಾಣ, ಬೆದಂಡೆ ಎಂಬ ಕನ್ನಡದ ಕಾವ್ಯಪ್ರಕಾರಗಳನ್ನು ಆ ಗ್ರಂಥವು ಹೆಸರಿಸುತ್ತದೆ. ಅವು ಹಾಡಿಕೆಗೆ ಒಗ್ಗುವ ರಚನೆಗಳಾಗಿದ್ದವೆಂದು ವಿದ್ವಾಂಸರು ಹೇಳುತ್ತಾರೆ. ಓದಿಲ್ಲದ ಜನರೂ ಈ ನಾಡಿನಲ್ಲಿ ಕಾವ್ಯದ ಮರ್ಮವನ್ನು ಬಲ್ಲವರೆಂದು ಅದೇ ಗ್ರಂಥವು ಮೆಚ್ಚಿಕೊಳ್ಳುತ್ತದೆ. ಕಲ್ಲಿನ ಕೋಟೆ ಕುಸಿದಲ್ಲಿ ಜನರ ಹಾಡು ಉಳಿಯಿತೆಂಬುದು ನಮ್ಮ ನೆಲದ ಮೊದಲ ಪಾಠ.

ಧರ್ಮಕೇಂದ್ರದ ನೂರು ವರ್ಷಗಳನ್ನು ಸ್ಮರಿಸುವ ಈ ಶುಭ ಸಂದರ್ಭದಲ್ಲಿ ಕಟ್ಟಡ, ಗಂಟೆಗೋಪುರ, ಶಾಲೆಗಳ ಲೆಕ್ಕ ಪುಸ್ತಕಗಳಲ್ಲಿ ದೊರೆಯುತ್ತದೆ. ಆದರೆ ಈ ನೂರು ವರ್ಷಗಳಲ್ಲಿ ಭಕ್ತಾದಿಗಳು ಒಟ್ಟಾಗಿ ಹಾಡಿದ ಹಾಡುಗಳನ್ನು ಯಾವ ಪುಸ್ತಕದಲ್ಲಿಯೂ ಬರೆದಿಟ್ಟಿಲ್ಲ. ಅದರ ಕುರಿತು ಎರಡು ಮಾತುಗಳನ್ನು ಹೇಳಬೇಕೆಂದು ನಮ್ಮ ಅಪೇಕ್ಷೆ.

ಕೂಡಿ ಹಾಡುವುದನ್ನು ನಮ್ಮ ಸೀಮೆಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿರಲಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಇಂದಿಗೂ ಈ ಜಿಲ್ಲೆಯ ಹಳ್ಳಿಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯಿಡೀ ಮೊಳಗುತ್ತವೆ. ಅವರ ಶಿಷ್ಯವರ್ಗದಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ಒಬ್ಬನು ಪದವನ್ನೆತ್ತುವನು, ಉಳಿದವರು ಪಲ್ಲವಿಯನ್ನು ಹಿಡಿಯುವರು. ನಮ್ಮ ಬಲಿಪೂಜೆಯಲ್ಲಿ ಕೀರ್ತನೆಯನ್ನು ಒಬ್ಬರು ಹಾಡಿ ಸಭೆ ಶ್ಲೋಕದಿಂದ ಉತ್ತರಿಸುವ ಕ್ರಮವೂ ಇದಕ್ಕೆ ದೂರದ್ದಲ್ಲ.

ಧರ್ಮಸಭೆಯ ಚರಿತ್ರೆಯಲ್ಲಿ ಗಾನವು ಕಷ್ಟಕಾಲದ ಸಂಗಾತಿಯಾಗಿಯೇ ಬೆಳೆದಿದೆ. ಕಡೆಯ ಭೋಜನದ ನಂತರ ಪ್ರಭುವೂ ಶಿಷ್ಯರೂ ಕೀರ್ತನೆ ಹಾಡಿಯೇ ಓಲಿವ್ ಗುಡ್ಡಕ್ಕೆ ಹೊರಟರೆಂದು ಸಂತ ಮಾರ್ಕರ ಶುಭಸಂದೇಶವು ತಿಳಿಸುತ್ತದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರು ನಡುರಾತ್ರಿಯಲ್ಲಿ ಹಾಡಿದರು. 386ರಲ್ಲಿ ಮಿಲಾನ್ ನಗರದಲ್ಲಿ ಸಾಮ್ರಾಜ್ಞಿ ಜಸ್ಟೀನಾ ದೇವಾಲಯವನ್ನು ಆರಿಯಸ್ ಪಂಥದವರಿಗೆ ಬಿಟ್ಟುಕೊಡಬೇಕೆಂದು ಹಟ ಹಿಡಿದಾಗ, ಜನರು ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರೊಡನೆ ದೇವಾಲಯದಲ್ಲಿಯೇ ಜಾಗರಣೆ ಮಾಡಿದರು. ಅವರು ದುಃಖದಿಂದ ಕುಗ್ಗಬಾರದೆಂದು ಪೂರ್ವದೇಶದ ಸಭೆಗಳ ರೀತಿಯಲ್ಲಿ ಗೀತೆಗಳನ್ನು ಹಾಡಿಸುವ ಪದ್ಧತಿ ಅಂದು ಆರಂಭವಾಯಿತೆಂದು ಸಂತ ಅಗಸ್ಟೀನರು ಬರೆದಿದ್ದಾರೆ. ಅವರ ತಾಯಿ ಸಂತ ಮೋನಿಕಾ ಆ ಜಾಗರಣೆಯಲ್ಲಿದ್ದರು.

ಎಳೆಯರಿಗೆ ಗಾನ ಕಲಿಸುವ ಸುಲಭ ಮಾರ್ಗವೂ ಧರ್ಮಸಭೆಯೊಳಗಿನಿಂದಲೇ ಹುಟ್ಟಿತು. 11ನೆಯ ಶತಮಾನದಲ್ಲಿ ಇಟಲಿಯ ಅರೆಝೊ ಪಟ್ಟಣದ ಗ್ವೀದೊ ಎಂಬ ಸನ್ಯಾಸಿ, ಹಾಡುವ ಬಾಲಕರು ರಾಗಗಳನ್ನು ಬಾಯಿಪಾಠ ಮಾಡಲು ವರ್ಷಗಟ್ಟಲೆ ಕಷ್ಟಪಡುವುದನ್ನು ಕಂಡರು. ಸಂತ ಸ್ನಾನಿಕ ಯೊವಾನ್ನರ ಸ್ತುತಿಗೀತೆಯ ಸಾಲುಗಳ ಮೊದಲಕ್ಷರಗಳಿಂದ ಉತ್, ರೆ, ಮಿ, ಫಾ, ಸೋಲ್, ಲಾ ಎಂಬ ಸ್ವರನಾಮಗಳನ್ನು ಅವರು ರೂಪಿಸಿಕೊಟ್ಟರು. ನಮ್ಮ ಮಕ್ಕಳು ಸ ರಿ ಗ ಮ ಎಂದು ಕಲಿಯುವಂತೆ ಆ ಮಕ್ಕಳು ಇವುಗಳಿಂದ ಹೊಸ ಗೀತೆಯನ್ನು ತಾವೇ ಓದಿ ಹಾಡಬಲ್ಲವರಾದರು.

ಕಾಲಾನಂತರದಲ್ಲಿ ಗಾನವು ಕೆಲವರ ಪಾಲಾಗಿ ಜನರು ಕೇಳುಗರಷ್ಟೇ ಆದರು. ಇದನ್ನು ತಿದ್ದಲು ಜಗದ್ಗುರು ಸಂತ ಹತ್ತನೆಯ ಪಿಯುಸರು 1903ರ ನವೆಂಬರ್ 22ರಂದು, ಗಾಯಕರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ, ಆಜ್ಞಾಪತ್ರವನ್ನು ಹೊರಡಿಸಿದರು. ಆದರೂ ಗಾನವೃಂದದಲ್ಲಿ ಸ್ತ್ರೀಯರಿಗೆ ಸ್ಥಾನವಿಲ್ಲವೆಂದು ಆ ಪತ್ರವೇ ವಿಧಿಸಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದು, ಆಯಾ ಜನಾಂಗದ ಸಂಗೀತ ಸಂಪ್ರದಾಯಕ್ಕೂ ಗೌರವ ಸಲ್ಲಬೇಕೆಂದಿತು. 1967ರ ಮಾರ್ಚ್ 5ರ ಸಂಗೀತ ನಿರ್ದೇಶನವು ಗಂಡಸರು, ಹೆಂಗಸರು, ಮಕ್ಕಳೆಲ್ಲರೂ ಗಾನವೃಂದದಲ್ಲಿ ಸೇರಬಹುದೆಂದು ಸ್ಪಷ್ಟಪಡಿಸಿತು. ಜನರನ್ನು ಮೌನವಾಗಿರಿಸಿ ಹಾಡನ್ನೆಲ್ಲ ಗಾನವೃಂದವೊಂದಕ್ಕೇ ವಹಿಸುವುದು ಸಲ್ಲದೆಂದೂ ಎಚ್ಚರಿಸಿತು. ಇಂದು ನಮ್ಮ ಹೆಣ್ಣುಮಕ್ಕಳು ಮುಂದೆ ನಿಂತು ಕನ್ನಡದಲ್ಲಿ ಹಾಡುತ್ತಿರುವುದರ ಹಿಂದೆ ಇಷ್ಟು ಚರಿತ್ರೆಯಿದೆ.

ನಮ್ಮ ಸೀಮೆಗೆ ಸಮೂಹಗಾನವು ವಿಶೇಷವಾಗಿ ಅಗತ್ಯ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆಯಿತು. ಮುಂದೆ ಶಹಾಬಾದ, ವಾಡಿ, ಸೇಡಂ, ಮಳಖೇಡಗಳ ಸುತ್ತ ಸುಣ್ಣದ ಕಲ್ಲನ್ನು ನಂಬಿ ಸಿಮೆಂಟ್ ಕಾರ್ಖಾನೆಗಳೆದ್ದವು. ರೈಲೂ ಕಾರ್ಖಾನೆಯೂ ಕರೆತಂದ ಕುಟುಂಬಗಳ ಮನೆಮಾತು ಒಂದೇ ಅಲ್ಲ; ತೆಲುಗು, ತಮಿಳು, ಕೊಂಕಣಿ, ಮಲೆಯಾಳಂ ಎಲ್ಲವೂ ಉಂಟು. ಇಂಥವರು ಒಂದೇ ಸಭೆಯಾಗಬೇಕಾದರೆ ಉಪದೇಶಕ್ಕಿಂತ ಮೊದಲು ಹಾಡು ನೆರವಿಗೆ ಬರುತ್ತದೆ. ಮಾತು ತೊದಲುವ ನಾಲಿಗೆಯೂ ಪಲ್ಲವಿಯನ್ನು ತಪ್ಪಿಲ್ಲದೆ ನುಡಿಯುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಎಳೆಯ ಗುರುಗಳಾಗಿದ್ದಾಗ ಒಂದು ಊರಿನ ಹಬ್ಬಕ್ಕೆ ಗಾನವೃಂದವನ್ನು ಸಿದ್ಧಪಡಿಸುತ್ತಿದ್ದೆವು. ಹದಿಮೂರು ವರ್ಷದ ಹುಡುಗನೊಬ್ಬನ ಕಂಠ ಒಡೆಯುವ ಕಾಲ, ಸ್ವರ ನಿಲ್ಲುತ್ತಿರಲಿಲ್ಲ. ಹಾಡು ಕೆಡುವುದೆಂಬ ಆತುರದಿಂದ ಎಲ್ಲರೆದುರಿಗೆ ಅವನನ್ನು ಬೆಂಚಿಗೆ ಕಳುಹಿಸಿದೆವು. ಹಬ್ಬದ ಹಾಡು ಚೆನ್ನಾಗಿಯೇ ಆಯಿತು. ಆದರೆ ಆ ಹುಡುಗ ಮತ್ತೆ ಬಾಯಿ ತೆರೆಯಲಿಲ್ಲ. ಕ್ರಮೇಣ ಭಾನುವಾರಗಳಂದು ಬರುವುದನ್ನೂ ಬಿಟ್ಟನು. ಬಹಳ ವರ್ಷಗಳ ಮೇಲೆ ತನ್ನ ತಂದೆಯ ಶವಸಂಸ್ಕಾರದಲ್ಲಿ ಅವನು ಹಿಂದೆ ನಿಂತಿದ್ದನು. ಎಲ್ಲರೂ ಹಾಡುವಾಗ ಅವನ ತುಟಿಗಳು ಮುಚ್ಚಿಯೇ ಇದ್ದವು. ಹಾಡನ್ನು ಉಳಿಸಲು ಹೋಗಿ ಹಾಡುವವನನ್ನು ಕಳೆದುಕೊಂಡೆವೆಂಬ ಅರಿವು ಅಂದು ನಮಗಾಯಿತು. ಕಂಠ ಒಡೆದ ಬಾಲಕನಿಗೆ ಕೆಳಗಿನ ಶ್ರುತಿಯಲ್ಲಿ ಹಾಡುವ ಭಾಗವನ್ನೋ ತಾಳವನ್ನೋ ಕೊಟ್ಟು ಜೊತೆಯಲ್ಲಿಯೇ ಇರಿಸಿಕೊಳ್ಳಬೇಕು. ಒಂದೆರಡು ವರ್ಷಗಳಲ್ಲಿ ಸ್ವರ ತಾನೇ ನೆಲೆಗೊಳ್ಳುತ್ತದೆ.

ಹಿರಿಯರು ಅನುಭವದಿಂದ ಬಲ್ಲದ್ದನ್ನು ಈಗ ವಿಜ್ಞಾನವೂ ಹೇಳುತ್ತಿದೆ. ಸ್ವೀಡನ್ನಿನ ಗೋಥೆನ್‌ಬರ್ಗಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 18 ವರ್ಷದ ತರುಣ ತರುಣಿಯರು ಕೂಡಿ ಹಾಡುವಾಗ ಉಸಿರಾಟ ಒಂದಾಗಿ, ಅದರೊಡನೆ ಹೃದಯದ ಬಡಿತದ ಏರಿಳಿತವೂ ಹೊಂದಿಕೊಂಡಿತು. 2015ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು, ಅಪರಿಚಿತರ ನಡುವೆ ಕರಕುಶಲ ಅಥವಾ ಬರವಣಿಗೆಯ ತರಗತಿಗಿಂತ ಹಾಡಿನ ತರಗತಿಯಲ್ಲಿ ಆತ್ಮೀಯತೆ ಬೇಗ ಬೆಳೆಯುವುದೆಂದು ಕಂಡರು. ಒಂದೇ ಹೃದಯವುಳ್ಳ ಸಭೆ ಎಂಬ ಮಾತು ಬರಿಯ ಉಪಮೆಯಲ್ಲವೆಂದಾಯಿತು.

ಕೊನೆಗೆ ನಮ್ಮ ಯುವಜನರಿಗೆ ಒಂದು ಹಿತವಚನ. ಕೀಬೋರ್ಡು, ಧ್ವನಿವರ್ಧಕಗಳು ದೇವಾಲಯಕ್ಕೆ ಬಂದಿವೆ, ಬರಲಿ. ಆದರೆ ಅವುಗಳ ಅಬ್ಬರದಲ್ಲಿ ಹಿಂದಿನ ಬೆಂಚಿನ ಅಜ್ಜಿಯ ದನಿ ಅಡಗಬಾರದು. ವಾರಕ್ಕೊಮ್ಮೆ ತಪ್ಪದೆ ಅಭ್ಯಾಸ ಮಾಡಿರಿ. ಹೊಸ ಹಾಡನ್ನು ಬಲಿಪೂಜೆಗೆ ಮುನ್ನ ಐದು ನಿಮಿಷ ಸಭೆಗೂ ಕಲಿಸಿರಿ. ಹಳೆಯ ಹಾಡುಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡಿರಿ. ಓದಿಗಾಗಿ, ಉದ್ಯೋಗಕ್ಕಾಗಿ ನಿಮ್ಮಲ್ಲಿ ಅನೇಕರು ಹೈದರಾಬಾದಿಗೂ ಬೆಂಗಳೂರಿಗೂ ಹೊರಡುವಿರಿ. ಇಲ್ಲಿ ಕಲಿತ ಹಾಡು ಅಲ್ಲಿಯೂ ನಿಮ್ಮನ್ನು ಕಾಯುತ್ತದೆ.

ನೂರು ವರ್ಷ ನಮ್ಮನ್ನು ಹಾಡಿಸಿದ ಪ್ರಭು, ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತವರನ್ನೂ ಮುಂದಿನ ನೂರು ವರ್ಷಗಳ ಗಾನದಲ್ಲಿ ಸೇರಿಸಿಕೊಳ್ಳಲೆಂದು ಪ್ರಾರ್ಥಿಸುತ್ತೇವೆ.