ವಿಭಾಗಗಳು ಹೇಳುವ ಚರಿತ್ರೆ: ಕೃಷ್ಣರಾಜ ವೃತ್ತದ ಇಂಜಿನಿಯರಿಂಗ್ ಕಾಲೇಜು

ಹಳೆಯ ವಿದ್ಯಾಸಂಸ್ಥೆಯೊಂದರ ಚರಿತ್ರೆಯನ್ನು ಎರಡು ರೀತಿಯಲ್ಲಿ ಬರೆಯಬಹುದು. ಪ್ರಾಂಶುಪಾಲರ ಹೆಸರುಗಳನ್ನೂ ಕಟ್ಟಡಗಳ ಶಂಕುಸ್ಥಾಪನೆಗಳನ್ನೂ ಕ್ರಮವಾಗಿ ಜೋಡಿಸುತ್ತ ಹೋಗುವುದು ಒಂದು ರೀತಿ. ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ನಾವು ಕಾಣುವುದು ಇದನ್ನೇ. ಆ ಸಂಸ್ಥೆಯಲ್ಲಿ ಯಾವ ವಿಭಾಗ ಮೊದಲು ಹುಟ್ಟಿತು, ಯಾವುದು ಅನಂತರ ಬಂದಿತು, ಏಕೆ ಬಂದಿತು ಎಂದು ಕೇಳುತ್ತ ಹೋಗುವುದು ಇನ್ನೊಂದು ರೀತಿ. ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸಿದ ನನಗೆ ಎರಡನೆಯದೇ ಹೆಚ್ಚು ಪ್ರಿಯ. ಒಂದು ನಾಡು ತನ್ನ ಮಕ್ಕಳಿಗೆ ಯಾವ ಕಾಲದಲ್ಲಿ ಯಾವ ವಿದ್ಯೆಯನ್ನು ಕಲಿಸಲು ಹೊರಟಿತೆಂಬುದು ಆ ನಾಡಿನ ಆಸೆ ಆತಂಕಗಳ ದಾಖಲೆಯೇ ಆಗಿರುತ್ತದೆ. ಬೆಂಗಳೂರಿನ ಕೃಷ್ಣರಾಜ ವೃತ್ತದ ಬಳಿಯಿರುವ, ನಾವೆಲ್ಲ ಬಾಯಿಮಾತಿನಲ್ಲಿ 'ಯುವಿಸಿಇ' ಎನ್ನುವ ಇಂಜಿನಿಯರಿಂಗ್ ಕಾಲೇಜನ್ನು ಈ ದೃಷ್ಟಿಯಿಂದ ನೋಡಬೇಕೆಂಬುದು ನನ್ನ ಬಹುದಿನಗಳ ಬಯಕೆ.

ಕಾಲೇಜು ಆರಂಭವಾದದ್ದು 1917ರಲ್ಲಿ. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಅದಕ್ಕೆ ಮೊದಲು ಮೈಸೂರು ಸೀಮೆಯ ಹುಡುಗನೊಬ್ಬ ಇಂಜಿನಿಯರಾಗಬೇಕೆಂದರೆ ಪರಪ್ರಾಂತಕ್ಕೆ ಹೋಗಬೇಕಾಗಿತ್ತು. ರೂರ್ಕಿಯಲ್ಲಿ 1847ರಿಂದಲೂ, ಪುಣೆಯಲ್ಲಿ 1854ರಿಂದಲೂ, ಕಲ್ಕತ್ತೆಯ ಸಮೀಪದ ಶಿಬಪುರದ ಸಂಸ್ಥೆಯಲ್ಲಿ 1856ರಿಂದಲೂ ಈ ವಿದ್ಯೆ ನಡೆದಿತ್ತು. ಮದರಾಸಿನ ಗಿಂಡಿಯ ಕಾಲೇಜಿಗೆ 1794ರ ಸರ್ವೆ ಶಾಲೆಯೇ ಮೂಲ. ಬ್ರಿಟಿಷ್ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ರಸ್ತೆ, ನಾಲೆ, ಸೇತುವೆಗಳ ಕೆಲಸ ಬಲ್ಲ ಜನರನ್ನು ಒದಗಿಸುವುದು ಇವುಗಳ ಮುಖ್ಯ ಉದ್ದೇಶವಾಗಿತ್ತು. ಇವುಗಳ ಸಾಲಿನಲ್ಲಿ ಬೆಂಗಳೂರಿನದನ್ನು ಐದನೆಯದೆಂದು ಎಣಿಸುವುದು ರೂಢಿ. ಆದರೆ ದೇಶೀಯ ಸಂಸ್ಥಾನವೊಂದು ತನ್ನ ಅಗತ್ಯಕ್ಕಾಗಿ ತಾನೇ ಕಟ್ಟಿಕೊಂಡದ್ದು ಎಂಬುದು ಇದರ ವೈಶಿಷ್ಟ್ಯ.

ವಿಶ್ವೇಶ್ವರಯ್ಯನವರಿಗೆ ಈ ಕೊರತೆಯ ಅರಿವು ಸ್ವಂತ ಅನುಭವದಿಂದ ಬಂದಿತ್ತು. ಮುದ್ದೇನಹಳ್ಳಿಯ ಹುಡುಗ, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಪರರ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದವರು. ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯದಿದ್ದರೆ ಪುಣೆಯ ವಿಜ್ಞಾನ ಕಾಲೇಜಿನ ಬಾಗಿಲನ್ನು ಅವರು ಕಾಣುತ್ತಿರಲಿಲ್ಲ. 1883ರಲ್ಲಿ ಅಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಮೈಸೂರಿನ ಹಣದಿಂದ ಓದಿದ ಪ್ರತಿಭೆ ಕಾಲು ಶತಮಾನ ಕಾಲ ಪರಪ್ರಾಂತದ ಸೇವೆಯಲ್ಲಿ ಕಳೆಯಿತು. ಮುಂದೆ ಇದೇ ವ್ಯಕ್ತಿ ದಿವಾನರಾದಾಗ, ನೂರು ಹುಡುಗರನ್ನು ಹೊರಗೆ ಕಳುಹಿಸುವುದಕ್ಕಿಂತ ಒಂದು ಕಾಲೇಜನ್ನು ಇಲ್ಲಿಯೇ ಕಟ್ಟುವುದು ಮೇಲೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮರುವರ್ಷವೇ ಅದರ ಆಶ್ರಯದಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು. ಆರಂಭದಲ್ಲಿ ಇದ್ದವರು ಇಪ್ಪತ್ತು ಮಂದಿ ವಿದ್ಯಾರ್ಥಿಗಳು. ಇದ್ದ ವಿಭಾಗಗಳು ಎರಡು, ಸಿವಿಲ್ ಮತ್ತು ಮೆಕ್ಯಾನಿಕಲ್. ಈ ಎರಡೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕಾಲೇಜಿನ ಹೊರಗೆ ಇತ್ತು. ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸ ಇನ್ನೂ ನಡೆಯುತ್ತಲೇ ಇತ್ತು. ಅದು ಪೂರ್ಣವಾಗುವ ವೇಳೆಗೆ ಎರಡು ದಶಕಗಳೇ ಕಳೆದವು. ಆ ಅಣೆಕಟ್ಟಿಗೂ ಅದರ ನಾಲೆಗಳಿಗೂ ಅಳತೆ ಬಲ್ಲ ಕಣ್ಣುಗಳು ಬೇಕಾಗಿದ್ದವು. ಅತ್ತ ಶ್ರೀಗಂಧದ ಎಣ್ಣೆಯ ಕಾರ್ಖಾನೆ, ಸಾಬೂನಿನ ಕಾರ್ಖಾನೆಗಳು ತಲೆಯೆತ್ತುತ್ತಿದ್ದವು; ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಚನೆ ನಡೆದಿತ್ತು. ಅದು 1923ರಲ್ಲಿ ಕೆಲಸ ಆರಂಭಿಸಿತು. ನೀರನ್ನು ನಿಲ್ಲಿಸಬಲ್ಲವರು, ಯಂತ್ರವನ್ನು ನಡೆಸಬಲ್ಲವರು, ಈ ಎರಡು ಬಗೆಯ ಜನ ನಾಡಿಗೆ ಬೇಕಾಗಿದ್ದರು. ಕಾಲೇಜಿನ ಮೊದಲ ಎರಡು ವಿಭಾಗಗಳು ಈ ಎರಡು ಅಗತ್ಯಗಳ ಹೆಸರುಗಳೇ ಆಗಿದ್ದವು.

ಆ ಮೊದಲ ದಿನಗಳ ಅಧ್ಯಾಪಕರಲ್ಲಿ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ಅವರು ಮೈಸೂರಿನ ಎಸ್. ವಿ. ಸೆಟ್ಟಿಯವರು. ಇಂಗ್ಲೆಂಡಿಗೆ ಹೋಗಿ, ಎ. ವಿ. ರೋ ಅವರ ವಿಮಾನ ಸಂಸ್ಥೆಯಲ್ಲಿ ಕೆಲಸ ಮಾಡಿ, ವಿಮಾನ ವಿದ್ಯೆ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಅದನ್ನು ಕೈಯಾರೆ ಕಲಿತು ಬಂದವರು. ಅಂಥವರು ಬೆಂಗಳೂರಿನ ಹುಡುಗರಿಗೆ ಪಾಠ ಹೇಳಲು ನಿಂತಿದ್ದರು. ಆದರೆ 1918ರ ಇನ್‌ಫ್ಲುಯೆಂಜಾ ಮಹಾಮಾರಿ ಅವರನ್ನು ಎಳವೆಯಲ್ಲೇ ಕೊಂಡೊಯ್ದಿತು. ಅವರು ಬದುಕಿದ್ದರೆ ಈ ಊರಿನ ವಿಮಾನ ವಿದ್ಯೆಯ ಕಥೆ ಎರಡು ದಶಕ ಮೊದಲೇ ಆರಂಭವಾಗುತ್ತಿತ್ತೋ ಏನೋ.

ಮೂರನೆಯದಾಗಿ ಬಂದದ್ದು ವಿದ್ಯುತ್ ವಿಭಾಗ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ತು ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತ್ತು. ಆದರೆ ಆ ಮೊದಲ ವಿದ್ಯುದಾಗಾರದ ಯಂತ್ರಗಳೂ ಹೊರಗಿನವು, ಅವನ್ನು ಕೂರಿಸಿದ ತಜ್ಞರೂ ಹೊರಗಿನವರೇ. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸುವ ಹೊತ್ತಿಗೆ ಆ ಸ್ಥಿತಿ ಬಹಳಷ್ಟು ಬದಲಾಗಿತ್ತು. ಅಲ್ಲಿಯೂ, ಮುಂದೆ ಲಿಂಗನಮಕ್ಕಿಯಲ್ಲಿಯೂ ದುಡಿದವರಲ್ಲಿ ಈ ನಾಡಿನ ಕಾಲೇಜುಗಳಲ್ಲೇ ಓದಿದವರು ಅನೇಕರಿದ್ದರು. ಒಂದು ಕಾಲೇಜು ನಾಡಿಗೆ ಏನು ಕೊಟ್ಟಿತೆಂದು ಕೇಳುವವರಿಗೆ ನಾನು ಹೇಳುವ ಉತ್ತರ ಇದು: ಕತ್ತಲಾದ ಮೇಲೆ ಒಮ್ಮೆ ಸ್ವಿಚ್ಚನ್ನು ಒತ್ತಿ ನೋಡಿ.

ಸ್ವಾತಂತ್ರ್ಯದ ಆಚೀಚೆ ಬೆಂಗಳೂರಿನ ಮುಖವೇ ಬೇರೆಯಾಯಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ನೀರು, ಕಬ್ಬಿಣ, ವಿದ್ಯುತ್ತುಗಳ ನಾಡಿಗೆ ತಂತಿ, ಕವಾಟ, ಸಂಕೇತಗಳ ವಿದ್ಯೆ ಬೇಕಾಯಿತು. ಎಲೆಕ್ಟ್ರಾನಿಕ್ಸ್ ವಿಭಾಗ ಆ ಅಗತ್ಯದ ಕೂಸು; ಅದರ ಬೆನ್ನಿಗೆ ಗಣಕ ವಿಜ್ಞಾನ ಬಂದಿತು. ವಾಸ್ತುಶಿಲ್ಪ, ಅಂದರೆ ಆರ್ಕಿಟೆಕ್ಚರ್ ವಿಭಾಗ ಇವುಗಳ ನಡುವೆ ಕೊಂಚ ಬೇರೆಯೇ ಜಾತಿಯದು. ಉಳಿದ ವಿಭಾಗಗಳಲ್ಲಿ ನಾಲ್ಕು ವರ್ಷ ಓದಿದರೆ ಇಲ್ಲಿ ಐದು ವರ್ಷ. ಇಂಜಿನಿಯರು ಗೋಡೆ ನಿಲ್ಲುತ್ತದೆಯೇ ಎಂದು ಕೇಳಿದರೆ, ವಾಸ್ತುಶಿಲ್ಪಿ ಆ ಗೋಡೆ ಅಲ್ಲಿ ಏಕಿರಬೇಕು ಎಂದು ಕೇಳುತ್ತಾನೆ. ಬೆಳಕು ಎಲ್ಲಿಂದ ಬರಬೇಕು, ಮುದುಕರು ಮೆಟ್ಟಿಲನ್ನು ಹೇಗೆ ಹತ್ತಬೇಕು ಎಂಬುದೂ ಅವನ ಪಾಠದ ಭಾಗವೇ. ಬೆಂಗಳೂರಿನಂತೆ ಅಂಕೆಯಿಲ್ಲದೆ ಬೆಳೆದ ಊರಿನಲ್ಲಿ ಈ ವಿನ್ಯಾಸ ವಿದ್ಯೆಗೆ ಇರಬೇಕಾದ ಸ್ಥಾನ ಇನ್ನೂ ದೊರೆತಿಲ್ಲವೆಂದೇ ನನ್ನ ಭಾವನೆ. ಸಿವಿಲ್ ಮತ್ತು ವಾಸ್ತುಶಿಲ್ಪ ವಿಭಾಗಗಳು ಕೃಷ್ಣರಾಜ ವೃತ್ತದಿಂದ ದೂರ, ಜ್ಞಾನಭಾರತಿಯ ವಿಶಾಲ ಆವರಣದಲ್ಲಿ ನೆಲೆಗೊಂಡವು.

ಇಲ್ಲಿ ಓದಿ ಹೆಸರಾದವರನ್ನು ಎಣಿಸಹೊರಟರೆ ಪುಟ ಸಾಲದು. ಒಬ್ಬರ ಕಥೆಯನ್ನು ಮಾತ್ರ ಹೇಳುತ್ತೇನೆ. ತರಗತಿಯಲ್ಲಿ ಇದನ್ನು ನಾನು ಎಷ್ಟೋ ಬಾರಿ ಹೇಳಿದ್ದುಂಟು. ರೊದ್ದಂ ನರಸಿಂಹ ಅವರು 1953ರಲ್ಲಿ ಈ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದರು. ಆ ದಿನಗಳಲ್ಲಿ ಅಂಥ ಪದವೀಧರನಿಗೆ ರೈಲ್ವೆಯಲ್ಲೋ ಎಣ್ಣೆ ಕಂಪೆನಿಯಲ್ಲೋ ಸುಖವಾದ ನೌಕರಿ ಕಾದಿರುತ್ತಿತ್ತು. ಮನೆಯವರ ಅಪೇಕ್ಷೆಯೂ ಅದೇ. ಆದರೆ ವಿದ್ಯಾರ್ಥಿಯಾಗಿದ್ದಾಗ ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನ ವಿಭಾಗದ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವೊಂದನ್ನು ಅವರು ಕಂಡಿದ್ದರು. ಆ ಬೆರಗು ಅವರನ್ನು ಬಿಡಲಿಲ್ಲ. ನೌಕರಿಯನ್ನು ಬಿಟ್ಟು ಅಲ್ಲಿಗೇ ಓದಲು ಹೋದರು. ದ್ರವಚಲನೆಯ ಶಾಸ್ತ್ರದಲ್ಲಿ ಜಗತ್ತು ಗೌರವಿಸುವ ವಿಜ್ಞಾನಿಯಾದರು. ರಕ್ಷಣಾ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಿ. ಕೆ. ಆತ್ರೆಯವರೂ ಇದೇ ಕಾಲೇಜಿನ ವಿದ್ಯಾರ್ಥಿ.

ಆದರೆ ನಮ್ಮಂಥ ಹಳ್ಳಿಯ ಮೇಷ್ಟರುಗಳಿಗೆ ಈ ಕಾಲೇಜು ಮುಖ್ಯವಾದದ್ದು ಬೇರೊಂದು ಕಾರಣಕ್ಕೆ. ಇದು ಸರ್ಕಾರದ್ದು, ಇದರ ಶುಲ್ಕ ನಮ್ಮ ಮಕ್ಕಳ ಕೈಗೆ ಎಟುಕುವಂಥದ್ದು. 1946ರಲ್ಲಿ ಬೆಂಗಳೂರಿನಲ್ಲಿ ಬಿ.ಎಂ.ಎಸ್., ಮೈಸೂರಿನಲ್ಲಿ ಎನ್.ಐ.ಇ. ಹುಟ್ಟಿದ ಮೇಲೆ ಖಾಸಗಿ ಕಾಲೇಜುಗಳೂ ಬೆಳೆದವು. ಮುಂದೆ ವಂತಿಗೆಯ ಕಾಲ ಬಂದಿತು. ಅದನ್ನು ನಿಷೇಧಿಸಲು 1984ರಲ್ಲಿ ಕಾನೂನನ್ನೇ ತರಬೇಕಾಯಿತು. ಅಂಥ ದಿನಗಳಲ್ಲಿ, ಒಂದೂವರೆ ಎಕರೆ ಖುಷ್ಕಿ ಜಮೀನಿನ ರೈತನ ಮಗನೊಬ್ಬ ನನ್ನಿಂದ ವ್ಯಾಸಂಗ ಪತ್ರ ಬರೆಸಿಕೊಂಡು ಹೋಗಿ, ಉಚಿತ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಅಲ್ಲಿ ಸಿವಿಲ್ ಓದಿದ. ಮೊದಲ ರಜೆಯಲ್ಲಿ ಟಿ-ಸ್ಕ್ವೇರನ್ನು ಕಂಕುಳಲ್ಲಿರಿಸಿಕೊಂಡು ಬಸ್ಸಿಳಿದಾಗ, ಅದೇನೆಂದು ಕೇಳಿದವರಿಗೆ ಅವನ ತಂದೆ, 'ಇದು ನಮ್ಮ ಹುಡುಗನ ನೇಗಿಲು' ಎಂದಿದ್ದರು. ಆತ ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದ. ಖಾಸಗಿ ಕಾಲೇಜೊಂದೇ ಗತಿಯೆಂದಿದ್ದರೆ ಆ ಒಂದೂವರೆ ಎಕರೆಯೂ ಉಳಿಯುತ್ತಿರಲಿಲ್ಲ, ಓದೂ ಆಗುತ್ತಿರಲಿಲ್ಲ.

ಬಾಗಿಲು ಯಾರಿಗೆ ತೆರೆಯಬೇಕೆಂಬ ಈ ಪ್ರಶ್ನೆ ಕಾಲೇಜಿನಷ್ಟೇ ಹಳೆಯದು. ಹಿಂದುಳಿದ ಜನವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ಕೊಡುವ ವಿಚಾರವಾಗಿ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ದಿವಾನಗಿರಿಯಿಂದ ನಿವೃತ್ತರಾದರು. 1921ರಲ್ಲಿ ಮಹಾರಾಜರ ಸರ್ಕಾರ ಸಮಿತಿಯ ಶಿಫಾರಸನ್ನು ಜಾರಿಗೆ ತಂದಿತು. ಇಬ್ಬರನ್ನೂ ಗೌರವಿಸುವ ನಮಗೆ ಈ ಭಿನ್ನಾಭಿಪ್ರಾಯವನ್ನು ಮುಚ್ಚಿಡುವ ಅಗತ್ಯವಿಲ್ಲ. ದಿವಾನರು ಕಾಲೇಜನ್ನು ಕಟ್ಟಿದರು; ಮಹಾರಾಜರು ಹಿಡಿದ ದಾರಿ ಅದರ ಬಾಗಿಲನ್ನು ಮುಂದೆ ಅಗಲವಾಗಿಸಿತು. ನನ್ನ ಆ ವಿದ್ಯಾರ್ಥಿ ಒಳಹೊಕ್ಕದ್ದು ಇಬ್ಬರ ಪುಣ್ಯದಿಂದ.

ಇನ್ನು ಆಡಳಿತದ ಕಥೆ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಸೆಂಟ್ರಲ್ ಕಾಲೇಜಿನೊಡನೆ ಇದೂ ಅದರ ಅಂಗವಾಯಿತು. 'ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಇಂಜಿನಿಯರಿಂಗ್' ಎಂಬ ಹೆಸರು ಬಂದಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಆರಂಭವಾದಾಗ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಅದರಡಿ ಸೇರಿದವು. ವಿಶ್ವೇಶ್ವರಯ್ಯನವರೇ ಕಟ್ಟಿದ ಕಾಲೇಜು ಮಾತ್ರ ಅವರ ಹೆಸರಿನ ವಿಶ್ವವಿದ್ಯಾನಿಲಯದ ಹೊರಗೇ ಉಳಿಯಿತು. ಕಲೆ, ವಾಣಿಜ್ಯ, ವಿಜ್ಞಾನಗಳ ನೂರಾರು ಕಾಲೇಜುಗಳನ್ನು ಸಾಕಬೇಕಾದ ದೊಡ್ಡ ವಿಶ್ವವಿದ್ಯಾನಿಲಯವೊಂದರ ಸಂಸಾರದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೂ ಖಾಲಿ ಹುದ್ದೆಗಳಿಗೂ ಸರದಿ ಬರುವುದು ತಡವಾಗುತ್ತಿತ್ತು. 2017ರಲ್ಲಿ ಶತಮಾನ ತುಂಬಿತು. 2021ರ ಕಾಯಿದೆಯ ಮೂಲಕ, ಐ.ಐ.ಟಿ.ಗಳ ಮಾದರಿಯಲ್ಲಿ ಬೆಳೆಯಲೆಂದು ಅದನ್ನು ಸ್ವಾಯತ್ತ ಸಂಸ್ಥೆಯನ್ನಾಗಿ ಮಾಡಲಾಯಿತು. 2022ರಿಂದ ಅದು ತನ್ನ ಕಾಲ ಮೇಲೆ ತಾನು ನಿಂತಿತು. ಹೊಸ ಹೆಸರು 'ಯೂನಿವರ್ಸಿಟಿ ಆಫ್ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಇಂಜಿನಿಯರಿಂಗ್'. ಎಲ್ಲರ ಬಾಯಲ್ಲಿದ್ದ 'ಯುವಿಸಿಇ' ಎಂಬ ನಾಲ್ಕಕ್ಷರ ಕೆಡದಂತೆ ನಡುವೆ ಒಂದು 'ಆಫ್' ಸೇರಿಸಿ ಕಾಲೇಜನ್ನೇ ವಿಶ್ವವಿದ್ಯಾನಿಲಯವಾಗಿಸಿದ ಜಾಣ್ಮೆಯನ್ನು ಮೆಚ್ಚಬೇಕು!

ಸ್ವಾಯತ್ತತೆ ಬಂದಿದೆ, ಇನ್ನು ಮುಂದೇನು ಎಂಬುದೇ ನನ್ನ ಪ್ರಶ್ನೆ. ನಾಡಿನ ಅನೇಕ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಿಗೆ ವಿದ್ಯಾರ್ಥಿಗಳು ಬರುತ್ತಿಲ್ಲ. 2024-25ನೆಯ ಸಾಲಿನಿಂದ ಒಂದು ವಿಭಾಗಕ್ಕೆ ಇಂತಿಷ್ಟೇ ಸೀಟುಗಳೆಂಬ ಮಿತಿಯನ್ನು ಕೇಂದ್ರದ ತಾಂತ್ರಿಕ ಶಿಕ್ಷಣ ಪರಿಷತ್ತು ಉತ್ತಮ ಸಂಸ್ಥೆಗಳ ಪಾಲಿಗೆ ತೆಗೆದುಹಾಕಿದ ಮೇಲೆ, ಗಣಕ ವಿಜ್ಞಾನದ ಸೀಟುಗಳನ್ನು ಬೇಕಾದಷ್ಟು ಹೆಚ್ಚಿಸಿಕೊಳ್ಳಲು ದಾರಿಯಾಗಿದೆ. ಮಕ್ಕಳು ಹೆಚ್ಚು ಸಂಬಳದ ವಿದ್ಯೆಯನ್ನು ಅರಸುವುದನ್ನು ನಾನು ಆಕ್ಷೇಪಿಸಲಾರೆ. ಬಡವರ ಮನೆಯ ಮಕ್ಕಳಿಗಂತೂ ಅದು ಅನಿವಾರ್ಯ. ಆದರೆ ಶುಲ್ಕದಿಂದಲೇ ಬದುಕುವ ಖಾಸಗಿ ಕಾಲೇಜು ಸಂತೆಯ ಬೇಡಿಕೆಯನ್ನು ನೋಡಿ ವಿಭಾಗ ತೆರೆಯುವುದಕ್ಕೂ, ಜನರ ತೆರಿಗೆಯಿಂದ ನಡೆಯುವ ಕಾಲೇಜು ಹಾಗೆ ಮಾಡುವುದಕ್ಕೂ ವ್ಯತ್ಯಾಸವಿದೆ. ಕನ್ನಂಬಾಡಿಯ ಕಟ್ಟೆಗೆ ನೂರು ವರ್ಷದ ವಯಸ್ಸು ಸಮೀಪಿಸಿದೆ. ತುಂಗಭದ್ರಾ ಅಣೆಕಟ್ಟಿನ ಒಂದು ಗೇಟು 2024ರ ಆಗಸ್ಟಿನಲ್ಲಿ ಕೊಚ್ಚಿಹೋದದ್ದನ್ನು ಕಂಡಿದ್ದೇವೆ. ಮಳೆ ಬಂದರೆ ಬೆಂಗಳೂರಿನ ರಸ್ತೆಗಳು ಕೆರೆಗಳಾಗುತ್ತವೆ; ಬೇಸಿಗೆಯಲ್ಲಿ ಕೆರೆಗಳೇ ಇರುವುದಿಲ್ಲ. ಹಳೆಯ ಕಟ್ಟೆಗಳನ್ನು ಕಾಯುವವರು, ಊರಿಗೆ ನೀರನ್ನೂ ನೆರಳನ್ನೂ ಯೋಜಿಸುವವರು ಎಲ್ಲಿಂದ ಬರಬೇಕು?

1917ರಲ್ಲಿ ಆ ಎರಡು ವಿಭಾಗಗಳನ್ನು ಆರಿಸಿದವರು ನಾಡಿಗೆ ಏನು ಬೇಕೆಂದು ಮೊದಲು ಕೇಳಿಕೊಂಡರು, ಅನಂತರ ಹುಡುಗರನ್ನು ಕರೆದರು. ಸ್ವಾಯತ್ತವಾದ ಕಾಲೇಜು ಗಣಕ ವಿಜ್ಞಾನವನ್ನು ಬೆಳೆಸಲಿ, ಬೇಡವೆನ್ನುವವರಾರು? ಆದರೆ ಸಿವಿಲ್ ಮತ್ತು ವಾಸ್ತುಶಿಲ್ಪ ವಿಭಾಗಗಳಿಗೆ ಬರುವ ಬಡ ವಿದ್ಯಾರ್ಥಿಗಳಿಗೆ ಪೂರ್ಣ ವಿದ್ಯಾರ್ಥಿವೇತನ ಕೊಟ್ಟು ಕರೆತರುವ ಕೆಲಸವನ್ನೂ ಅದು ಮಾಡಲಿ. ಮುದ್ದೇನಹಳ್ಳಿಯ ಹುಡುಗನನ್ನು ಪುಣೆಗೆ ಕಳುಹಿಸಲು ಅಂದಿನ ಮೈಸೂರು ಸರ್ಕಾರ ಖರ್ಚು ಮಾಡಿದ್ದು ಅಂಥದೇ ಒಂದು ವಿದ್ಯಾರ್ಥಿವೇತನವನ್ನು. ಅದಕ್ಕಿಂತ ಹೆಚ್ಚು ಫಲ ಕೊಟ್ಟ ಸರ್ಕಾರಿ ವೆಚ್ಚವನ್ನು ನಮ್ಮ ನಾಡಿನ ಚರಿತ್ರೆಯಲ್ಲಿ ನಾನು ಬೇರೆ ಕಂಡಿಲ್ಲ.