ಬರೆದವರೇ ನುಡಿಸಬೇಕಾದ ಕೃತಿಗಳು: ರಮ್ಯಯುಗದ ಸಂಯೋಜಕಿಯರ ಪಿಯಾನೊ ಕನ್ಚೆರ್ಟೊಗಳು

1835ರ ನವೆಂಬರ್ 9ರಂದು ಜರ್ಮನಿಯ ಲೈಪ್ಜಿಗ್ ನಗರದ ಗೆವಾಂಡ್‌ಹೌಸ್ ಸಭಾಂಗಣದಲ್ಲಿ 16 ವರ್ಷದ ಕ್ಲಾರಾ ವೀಕ್ ತಾವೇ ರಚಿಸಿದ ಪಿಯಾನೊ ಕನ್ಚೆರ್ಟೊವನ್ನು ನುಡಿಸಿದರು. ವಾದ್ಯವೃಂದವನ್ನು ನಡೆಸಿದವರು ಫೆಲಿಕ್ಸ್ ಮೆಂಡೆಲ್ಸನ್. ಆ ಕೃತಿಯ ಕೊನೆಯ ಭಾಗವನ್ನು ಆಕೆ ಬರೆಯತೊಡಗಿದಾಗ ವಯಸ್ಸು 13. ಮುಂದೆ ರಾಬರ್ಟ್ ಶೂಮನ್ನರ ಪತ್ನಿಯಾಗಿ, 19ನೆಯ ಶತಮಾನದ ಮಹಾನ್ ಪಿಯಾನೊ ವಾದಕಿಯಾಗಿ ಲೋಕವು ಆಕೆಯನ್ನು ನೆನಪಿಟ್ಟುಕೊಂಡಿತು. ಕನ್ಚೆರ್ಟೊವನ್ನು ಮಾತ್ರ ಮರೆಯಿತು.

ಮರೆವು ಎಂದೊಡನೆ ಕಳೆದುಹೋದ ಹಸ್ತಪ್ರತಿಯ ಚಿತ್ರ ಮೂಡುವುದು ಸಹಜ. ಆದರೆ ಈ ಕೃತಿ ಕಳೆದುಹೋಗಿರಲಿಲ್ಲ. 1837ರಲ್ಲಿಯೇ ಲೈಪ್ಜಿಗ್‌ನ ಹೋಫ್‌ಮೈಸ್ಟರ್ ಪ್ರಕಾಶನ ಅದನ್ನು ಅಚ್ಚು ಹಾಕಿತ್ತು. ಕವಿತೆಯಾದರೆ ಒಂದು ಪ್ರತಿ ಕಪಾಟಿನಲ್ಲಿ ಉಳಿದಿದ್ದರೂ ಎಂದೋ ಒಬ್ಬ ಓದುಗ ಅದನ್ನು ಬದುಕಿಸಬಲ್ಲ. ಕನ್ಚೆರ್ಟೊದ ಸ್ಥಿತಿ ಬೇರೆ. ಒಬ್ಬ ವಾದಕ ಇಡೀ ವಾದ್ಯವೃಂದಕ್ಕೆ ಎದುರಾಗಿಯೂ ಜೊತೆಯಾಗಿಯೂ ನುಡಿಸುವ ಈ ಪ್ರಕಾರಕ್ಕೆ ಹತ್ತಾರು ವಾದ್ಯಗಾರರು, ನಿರ್ದೇಶಕ, ಸಭಾಂಗಣ, ಟಿಕೆಟ್ ಕೊಳ್ಳುವ ಶ್ರೋತೃಗಳು ಬೇಕು. ಇವೆಲ್ಲವನ್ನೂ ಒಟ್ಟುಗೂಡಿಸುವ ಸಂಸ್ಥೆಗಳು ಸ್ತ್ರೀಯರ ಕೈಯಲ್ಲಿರಲಿಲ್ಲ. ಸಂಯೋಜಕಿ ಸ್ವತಃ ಖ್ಯಾತ ವಾದಕಿಯಾಗಿದ್ದರೆ ಅವಳ ಕನ್ಚೆರ್ಟೊ ಅವಳೊಂದಿಗೆ ವೇದಿಕೆ ಏರುತ್ತಿತ್ತು. ಅವಳು ನುಡಿಸುವುದನ್ನು ಬಿಟ್ಟ ದಿನ ಅದೂ ಕೆಳಗಿಳಿಯುತ್ತಿತ್ತು.

ಫ್ಯಾನಿ ಮೆಂಡೆಲ್ಸನ್ ಒಂದೂ ಪಿಯಾನೊ ಕನ್ಚೆರ್ಟೊ ಬರೆಯಲಿಲ್ಲ ಎಂಬುದನ್ನು ಈ ಬೆಳಕಿನಲ್ಲಿ ನೋಡಬೇಕು. ಸಂಗೀತವು ತಮ್ಮನಿಗೆ ವೃತ್ತಿಯಾಗಬಹುದು, ನಿನಗೆ ಅದು ಆಭರಣವಾಗಿಯೇ ಇರಬೇಕು ಎಂಬರ್ಥದಲ್ಲಿ ತಂದೆ 1820ರಲ್ಲಿ ಆಕೆಗೆ ಪತ್ರ ಬರೆದರು. ಬರ್ಲಿನ್ನಿನ ಮನೆಯ ಭಾನುವಾರದ ಗೋಷ್ಠಿಗಳೇ ಆಕೆಯ ವೇದಿಕೆಯಾದವು. ಆಕೆಯ ಕೆಲವು ಹಾಡುಗಳು ತಮ್ಮ ಫೆಲಿಕ್ಸನ ಹೆಸರಿನಲ್ಲಿ ಅಚ್ಚಾದವು. 1828ರ ‘ಈಸ್ಟರ್ ಸೊನಾಟಾ’ದ ಕಥೆ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಪಾಠದಂತಿದೆ. 1970ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕ ಅದರ ಹಸ್ತಪ್ರತಿ ಫೆಲಿಕ್ಸನದೆಂದೇ ಧ್ವನಿಮುದ್ರಣಗೊಂಡಿತು. 2010ರಲ್ಲಿ ವಿದುಷಿ ಏಂಜೆಲಾ ಮೇಸ್ ಕ್ರಿಶ್ಚಿಯನ್ ಅದರ ಕೈಬರಹವನ್ನು ಪರಿಶೀಲಿಸಿ, ಫ್ಯಾನಿಯ ಒಂದು ಸಂಪುಟದಲ್ಲಿ ಇಲ್ಲವಾಗಿದ್ದ ಪುಟಗಳ ಸಂಖ್ಯೆಗಳೊಂದಿಗೆ ಈ ಪುಟಸಂಖ್ಯೆಗಳು ತಾಳೆಯಾಗುವುದನ್ನು ತೋರಿಸಿ ಕರ್ತೃತ್ವವನ್ನು ನಿರ್ಣಯಿಸಿದರು. ಸೊನಾಟಾ ಒಬ್ಬರೇ ಮನೆಯಲ್ಲಿ ನುಡಿಸಬಹುದಾದ ರಚನೆ. ಮನೆಯೊಳಗಿನ ಪ್ರತಿಭೆ ಅಲ್ಲಿ ಹರಿದದ್ದು ಆಕಸ್ಮಿಕವಲ್ಲ.

ಕ್ಲಾರಾರ ತಂದೆ ಫ್ರೆಡ್ರಿಕ್ ವೀಕ್ ಇದಕ್ಕೆ ತದ್ವಿರುದ್ಧ. ಮಗಳನ್ನು ವೇದಿಕೆಗೆಂದೇ ಬೆಳೆಸಿದ ಕಠಿಣ ಗುರು ಆತ. ಅಂದಿನ ವಾದಕರು ಸ್ವಂತ ರಚನೆಗಳನ್ನು ನುಡಿಸುವುದು ವಾಡಿಕೆಯಾಗಿದ್ದುದರಿಂದ ಮಗಳು ಬರೆಯುವುದೂ ಶಿಕ್ಷಣದ ಅಂಗವಾಗಿತ್ತು. ಎ ಮೈನರ್ ಶ್ರುತಿಯ ಈ ಕೃತಿಯ ಮೂರು ಭಾಗಗಳೂ ನಡುವೆ ನಿಲ್ಲದೆ ಒಂದರಿಂದೊಂದಕ್ಕೆ ಸಾಗುತ್ತವೆ. ನಡುವಿನ ‘ರೊಮಾನ್ಸ್’ನಲ್ಲಿ ಇಡೀ ವಾದ್ಯವೃಂದ ಮೌನವಾಗುತ್ತದೆ, ಪಿಯಾನೊ ಏಕಾಂಗಿಯಾಗಿ ಹಾಡುತ್ತದೆ, ಬಳಿಕ ಒಂದೇ ಒಂದು ಚೆಲ್ಲೊ ಬಂದು ಸೇರುತ್ತದೆ. ನೂರು ಕಿವಿಗಳೆದುರು ಇಬ್ಬರ ಆಪ್ತ ಸಂಭಾಷಣೆ ನಡೆದಂತೆ. ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಕೊನೆಯ ಭಾಗ ಉಳಿದೆರಡನ್ನೂ ಮೀರಿ ಬೆಳೆದಿದೆ. ಅಲ್ಲಲ್ಲಿ ವಾದ್ಯವೃಂದದ ಪಾತ್ರ ತೆಳುವಾಗಿದೆ. ಮರುಶೋಧದ ಉತ್ಸಾಹದಲ್ಲಿ ಇದನ್ನು ಮುಚ್ಚಿಡಬೇಕಾಗಿಲ್ಲ.

ಆ ಕೊನೆಯ ಭಾಗಕ್ಕೆ ವಾದ್ಯವೃಂದದ ಯೋಜನೆಯನ್ನು ರಾಬರ್ಟ್ ಮಾಡಿಕೊಟ್ಟಿದ್ದರು. ರಾಬರ್ಟರ ಪ್ರಸಿದ್ಧ ಕನ್ಚೆರ್ಟೊ ಕೂಡ ಎ ಮೈನರಿನದೇ. ಅದು ಪೂರ್ಣಗೊಂಡದ್ದು 1845ರಲ್ಲಿ, ಅಂದರೆ ಕ್ಲಾರಾರ ಕೃತಿ ವೇದಿಕೆ ಏರಿದ ಹತ್ತು ವರ್ಷಗಳ ಅನಂತರ. ಅದನ್ನು ಲೋಕಕ್ಕೆ ಮೊದಲು ನುಡಿಸಿ ತೋರಿಸಿದವರೂ ಕ್ಲಾರಾರೇ. ಪ್ರಭಾವದ ಪ್ರಶ್ನೆಯನ್ನು ಗಂಡನಿಂದ ಹೆಂಡತಿಯ ಕಡೆಗೆ ಮಾತ್ರ ಕೇಳುವ ಅಭ್ಯಾಸಕ್ಕೆ ಈ ಎರಡು ಇಸವಿಗಳೇ ಉತ್ತರ.

1837ರಲ್ಲಿ ರಾಬರ್ಟರೇ ಸಂಪಾದಕರಾಗಿದ್ದ ಪತ್ರಿಕೆಯಲ್ಲಿ ಈ ಕೃತಿಯ ವಿಮರ್ಶೆ ಪ್ರಕಟವಾಯಿತು. ಬರೆದವರು ಕಾರ್ಲ್ ಫರ್ಡಿನಾಂಡ್ ಬೆಕರ್. ಮಹಿಳೆಯೊಬ್ಬರ ಕೃತಿಯಾದುದರಿಂದ ಇಲ್ಲಿ ವಿಮರ್ಶೆಯ ಮಾತೇ ಬರುವುದಿಲ್ಲ ಎಂಬುದು ಅವರ ನಿಲುವಿನ ಸಾರ. ಹೀನಾಯವಾಗಿ ಬೈದಿದ್ದರೂ ಕೃತಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಿಗುತ್ತಿತ್ತು. ಆ ಕಾಲದ ಕಾಲ್ಕ್‌ಬ್ರೆನರ್, ಹೆರ್ಟ್ಸ್ ಮೊದಲಾದ ಪುರುಷರ ಕನ್ಚೆರ್ಟೊಗಳೂ ಮರೆಯಾದವು, ನಿಜ. ಆದರೆ ಪುರುಷನೆಂಬ ಕಾರಣಕ್ಕೆ ಅವರನ್ನು ಯಾರೂ ವಿಮರ್ಶೆಯ ಹೊರಗಿಡಲಿಲ್ಲ. ಎರಡು ವರ್ಷಗಳ ಬಳಿಕ, 20ರ ಹರೆಯದ ಕ್ಲಾರಾ ತಮಗೆ ಸೃಷ್ಟಿಶಕ್ತಿ ಇದೆಯೆಂಬ ನಂಬಿಕೆಯನ್ನು ಕೈಬಿಟ್ಟಿರುವುದಾಗಿ, ಹೆಣ್ಣು ಸಂಯೋಜನೆಯನ್ನು ಬಯಸಬಾರದೆಂದು ದಿನಚರಿಯಲ್ಲಿ ಬರೆದುಕೊಂಡರು.

ಅಮೆರಿಕದ ಎಮಿ ಬೀಚ್ ಇದೇ ಕಥೆಗೆ ಇನ್ನೊಂದು ತಿರುವು ಕೊಡುತ್ತಾರೆ. 1885ರಲ್ಲಿ, 18ನೆಯ ವಯಸ್ಸಿನಲ್ಲಿ, ತಮಗಿಂತ ಬಹಳ ಹಿರಿಯರಾದ ಬೋಸ್ಟನ್‌ನ ವೈದ್ಯರನ್ನು ಮದುವೆಯಾದ ಮೇಲೆ ಆಕೆಯ ಸಾರ್ವಜನಿಕ ಕಛೇರಿಗಳು ಬೆರಳೆಣಿಕೆಗೆ ಇಳಿದವು. ಸಂಯೋಜನೆಗೆ ಅಡ್ಡಿಯಿರಲಿಲ್ಲ, ಅದು ಮನೆಯಲ್ಲೇ ಕುಳಿತು ಮಾಡುವ ಕೆಲಸವಲ್ಲವೆ! ಪುಸ್ತಕಗಳಿಂದಲೇ ವಾದ್ಯವೃಂದ ಶಾಸ್ತ್ರವನ್ನು ಕಲಿತ ಆಕೆ 1900ರಲ್ಲಿ ಬೋಸ್ಟನ್ ಸಿಂಫನಿ ವಾದ್ಯವೃಂದದೊಂದಿಗೆ ತಮ್ಮ ಸಿ ಶಾರ್ಪ್ ಮೈನರ್ ಕನ್ಚೆರ್ಟೊವನ್ನು ನುಡಿಸಿದರು. ಪುಟದ ಮೇಲೆ ಅಚ್ಚಾದ ಹೆಸರು ಮಿಸೆಸ್ ಎಚ್.ಎಚ್.ಎ. ಬೀಚ್. ಗಂಡನ ಸಾಹಿತ್ಯಕ್ಕೆ ತಾವು ರಾಗ ಹಾಕಿದ್ದ ಹಾಡುಗಳ ಎಳೆಗಳೂ ಕೃತಿಯೊಳಗಿವೆ. ಅದರಲ್ಲಿ ಪಿಯಾನೊ ವಾದ್ಯವೃಂದದೊಡನೆ ಹೋರಾಡುವುದನ್ನು ಜೀವನಚರಿತ್ರಕಾರ್ತಿ ಆಡ್ರಿಯನ್ ಫ್ರೀಡ್ ಬ್ಲಾಕ್ ಬೀಚ್ ಅವರ ಬದುಕಿನ ಸಂಘರ್ಷವಾಗಿಯೇ ಓದುತ್ತಾರೆ. ಈ ಓದು ತುಸು ದೂರ ಸಾಗುತ್ತದೆ. ಸಂಘರ್ಷ ಕನ್ಚೆರ್ಟೊ ಪ್ರಕಾರದ್ದೇ ಲಕ್ಷಣ. ಆದರೂ ಈ ಘಟನೆಗಳನ್ನು ಗಮನಿಸಬೇಕು: 1910ರಲ್ಲಿ ಪತಿ ತೀರಿಕೊಂಡರು, 1911ರಲ್ಲಿ ಆಕೆ ಯೂರೋಪಿಗೆ ಹೊರಟರು, 1913ರಲ್ಲಿ ಜರ್ಮನಿಯ ನಗರಗಳಲ್ಲಿ ಇದೇ ಕನ್ಚೆರ್ಟೊವನ್ನು ನುಡಿಸಿದರು. ಆಕೆ 1944ರಲ್ಲಿ ತೀರಿಕೊಂಡರು. ಕೃತಿ ಧ್ವನಿಮುದ್ರಣ ಕಂಡದ್ದು 1970ರ ದಶಕದಲ್ಲಿ.

ಫ್ರಾನ್ಸ್‌ನ ಮಾರಿ ಜಾಯೆಲ್ ಎರಡು, ಜರ್ಮನಿಯ ಲೂಯಿಸ್ ಅಡಾಲ್ಫಾ ಲೆ ಬೋ ಒಂದು ಕನ್ಚೆರ್ಟೊ ಬರೆದರು. ಅವರೂ ನುರಿತ ವಾದಕಿಯರೇ. 

ಕ್ಲಾರಾ 1847ರಲ್ಲಿ, ರಾಬರ್ಟರ ಹುಟ್ಟುಹಬ್ಬದ ಸಂದರ್ಭಕ್ಕೆ, ಎಫ್ ಮೈನರ್ ಶ್ರುತಿಯಲ್ಲಿ ಮತ್ತೊಂದು ಕನ್ಚೆರ್ಟೊವನ್ನು ಆರಂಭಿಸಿದ್ದರು. ಒಂದು ಭಾಗವೂ ಮುಗಿಯಲಿಲ್ಲ. ಸುಮಾರು ಒಂದೂವರೆ ಶತಮಾನದ ನಂತರ ಬೆಲ್ಜಿಯಂನ ಪಿಯಾನೊ ವಾದಕ ಜೋಸೆಫ್ ಡಿ ಬೀನ್‌ಹೌವರ್ ಅದನ್ನು ಪೂರ್ತಿಗೊಳಿಸಿ ನುಡಿಸಲು ಬರುವಂತೆ ಮಾಡಿದರು. ಕ್ಲಾರಾರ ಹಾಳೆಗಳಲ್ಲಿ ಮಾತ್ರ ಸಂಗೀತ ನಡುವೆಯೇ ನಿಂತಿದೆ.